ಎಡಗೈ ಕಾಲರಿಗೆ ಹೋದಾಗ

ಲೋಕೇಶ, ನಿನ್ನ ಬೌಲಿಂಗ್ ಕೆಡಿಸಿದವನು ನಾನು — ನಿನ್ನೆದುರು ವಿಕೆಟ್ ಕೀಪರ್ ಆಗಿ ನಿಂತಿದ್ದ, ನೀನು ಎಲ್ಲರಿಗಿಂತ ಹೆಚ್ಚು ನಂಬಿದ್ದ ನಾನೇ.

ಪ್ರತಿ ಪಂದ್ಯದ ತಾರೀಕು, ಹಿಡಿದ ಕ್ಯಾಚು, ಬಿಟ್ಟ ಕ್ಯಾಚು ಎಲ್ಲವನ್ನೂ ಡೈರಿಯಲ್ಲಿ ಬರೆದಿಡುತ್ತಿದ್ದೆ, ನೀವೆಲ್ಲ ನಗುತ್ತಿದ್ದಿರಿ. ಇದೊಂದನ್ನು ಮಾತ್ರ ಬರೆಯಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ಜಯನಗರದ ನಮ್ಮ ಕ್ಲಬ್ಬು ನಿನ್ನನ್ನು ಆಡಿಸುತ್ತಿದ್ದದ್ದೇ ಕೊನೆಯ ಓವರುಗಳಿಗಾಗಿ. ಪಂದ್ಯವಿಡೀ ನೀನು ಬೌಂಡರಿಯಲ್ಲಿ ನಿಂತಿರುತ್ತಿದ್ದೆ. ಎದುರಾಳಿಗಳು ಗೆದ್ದೇಬಿಟ್ಟರು ಎನ್ನುವಾಗ ಕ್ಯಾಪ್ಟನ್ ನಿನ್ನತ್ತ ಚೆಂಡು ಎಸೆಯುತ್ತಿದ್ದ. ಕಾಂಪೌಂಡಿನಾಚೆ ಹೋಗುತ್ತಿದ್ದವರು ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದರು. ಒಂದು ಕಾರ್ಖಾನೆಯ ತಂಡದವರು ನಿನಗೆ ಆಟದ ಜೊತೆ ಕೆಲಸವನ್ನೂ ಕೊಡುವ ಮಾತಾಡಿದ್ದರು — ಫೈನಲ್ ನೋಡಿ ಹೇಳುತ್ತೇವೆ ಎಂದಿದ್ದರು.

ನಿನ್ನ ಬಲವೆಲ್ಲ ಆ ನಿಧಾನದ ಎಸೆತದಲ್ಲಿತ್ತು. ಅದೇ ಓಟ, ಅದೇ ತೋಳು. ಚೆಂಡು ಮಾತ್ರ ತಡವಾಗಿ ಬರುತ್ತಿತ್ತು. ಅದು ಬರುವುದು ನನಗೊಬ್ಬನಿಗೇ ಮೊದಲು ತಿಳಿಯುತ್ತಿತ್ತು: ಓಡಲು ಶುರುಮಾಡುವ ಮುನ್ನ ನೀನು ಎಡಗೈಯಿಂದ ಕಾಲರ್ ಎಳೆದುಕೊಳ್ಳುತ್ತಿದ್ದೆ. ನಿನಗೇ ಅದು ಗೊತ್ತಿರಲಿಲ್ಲ. ನಾನು ಸದ್ದಿಲ್ಲದೆ ಎರಡು ಹೆಜ್ಜೆ ಮುಂದೆ ಬಂದು ನಿಲ್ಲುತ್ತಿದ್ದೆ.

ಫೈನಲ್‌ಗೆ ಮುಂಚಿನ ವಾರ, ನಾವು ಎದುರಿಸಬೇಕಿದ್ದ ಬನಶಂಕರಿ ತಂಡದ ಪ್ರದೀಪ ಬಸ್ಸಿನಲ್ಲಿ ಸಿಕ್ಕ. "ಏನ್ ಗುರು, ಲೋಕಿ ಸ್ಲೋ ಬಾಲ್ ಹಾಕೋಕೆ ಮುಂಚೆನೇ ಮುಂದೆ ಬಂದ್ಬಿಡ್ತೀಯ. ಕನಸು ಬೀಳುತ್ತಾ ನಿಂಗೆ?" ಎಂದ. ನಿನ್ನನ್ನು ಹೊಗಳುವವರು ಎಷ್ಟೋ ಜನ. ನನ್ನ ಹೆಜ್ಜೆ ಗಮನಿಸಿದವನು ಅವನೊಬ್ಬನೇ. ಆ ಹಿಗ್ಗಿನಲ್ಲಿ —

"ಕನಸಲ್ಲ ಮಗಾ, ಕಣ್ಣಿರ್ಬೇಕು. ಅವನ ಎಡಗೈ ಕಾಲರಿಗೆ ಹೋಗುತ್ತೆ, ನೋಡು" ಎಂದುಬಿಟ್ಟೆ.

ಫೈನಲ್‌ನ ಕೊನೆಯ ಓವರಿನಲ್ಲಿ ಬ್ಯಾಟ್ ಹಿಡಿದು ನಿಂತಿದ್ದ ಪ್ರದೀಪನ ಕಣ್ಣು ನಿನ್ನ ಎಡಗೈಯ ಮೇಲೇ ಇತ್ತು. ಗ್ಲೌಸ್ ಸರಿಮಾಡಿಕೊಳ್ಳುವ ನೆಪದಲ್ಲಿ ನಾನು ನಿನ್ನ ಬಳಿ ಓಡಿ ಬರಬಹುದಿತ್ತು, ಕಿವಿಯಲ್ಲಿ ಒಂದು ಮಾತು... ಬರಲಿಲ್ಲ. ಎರಡು ಸಲ ಕಾಲರ್, ಎರಡು ಸಲ ಸಿಕ್ಸರ್. ಸೋತೆವು.

ಮುಂದಿನ ಸೀಸನ್ನಿಗೆ ವಿಷಯ ಎಲ್ಲ ತಂಡಗಳಿಗೂ ಗೊತ್ತಾಗಿತ್ತು. ಕಾರ್ಖಾನೆಯವರು ಮತ್ತೆ ಬರಲಿಲ್ಲ. ಕ್ಯಾಪ್ಟನ್ ಕೊನೆಯ ಓವರನ್ನು ಬೇರೆಯವನಿಗೆ ಕೊಟ್ಟ ದಿನ, ಪ್ಯಾಡ್ ಬಿಚ್ಚುತ್ತಿದ್ದ ನನ್ನ ಪಕ್ಕ ಬಂದು ಕೂತು ನೀನು ಕೇಳಿದೆ: "ನೀನು ಎದುರಿಗೇ ಇರ್ತೀಯಲ್ಲ ಕಣೋ. ನಿಜ ಹೇಳು, ನಂಗೇನಾಗಿದೆ?"

ಹೇಳಿದ್ದರೆ, ಅದು ಅವರಿಗೆ ಹೇಗೆ ತಿಳಿಯಿತು ಎಂದು ನೀನು ಕೇಳುತ್ತಿದ್ದೆ. ಅದಕ್ಕೇ —

"ಏನೂ ಇಲ್ಲ ಮಗಾ. ಸುಮ್ನೆ ಟೆನ್ಷನ್ ಮಾಡ್ಕೋತೀಯ, ಅಷ್ಟೆ" ಎಂದೆ.

ಅದನ್ನು ನೀನು ನಂಬಿದೆ. ಇಷ್ಟು ವರ್ಷಗಳಾದ ಮೇಲೂ ನಂಬಿದ್ದೀಯ. ಮೊನ್ನೆ ಜೆ.ಪಿ. ನಗರದ ಮದುವೆಯೂಟದಲ್ಲಿ ಯಾರೋ ನಿನ್ನ ಹಳೆಯ ಓವರುಗಳನ್ನು ನೆನೆದಾಗ, "ಬಿಡಿ ಸಾರ್, ನಂದು ಪುಕ್ಕಲು ಗುಂಡಿಗೆ. ದೊಡ್ಡ ಮ್ಯಾಚಲ್ಲಿ ನಡುಗೋದು" ಎಂದು ನೀನು ನಕ್ಕುಬಿಟ್ಟೆ. ಎಲ್ಲರೂ ನಕ್ಕರು. ನಿನ್ನ ಪಕ್ಕದ ಎಲೆಯಲ್ಲಿ ಕೂತಿದ್ದ ನಾನು ತಲೆ ಎತ್ತಲಿಲ್ಲ.

ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಈ ಕಾಗದವನ್ನು ಕೈಗಿತ್ತು ಹೊರಟುಬಿಡುವುದಿಲ್ಲ. ಬಾಯಿಬಿಟ್ಟು ಹೇಳುತ್ತೇನೆ, ನಿನ್ನ ಹೆಂಡತಿಯೂ ಕೇಳಲಿ. ನಿನ್ನ ಗುಂಡಿಗೆ ಯಾವತ್ತೂ ನಡುಗಿರಲಿಲ್ಲ, ಲೋಕೇಶ. ಆಮೇಲೆ ನೀನು ಬಾಗಿಲು ಹಾಕಿಕೊಂಡರೆ — ಹಾಕಿಕೋ.