ರತ್ನ ಬರೆದ ಅರ್ಧ ಪುಟ

ಆ ನೋಟೀಸು ಬರೆದವಳು ನಾನಲ್ಲ, ನಾಗರತ್ನ. ಅದರಿಂದ ಕಾನೂನು ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದು ಮಾತ್ರ — ನನಗೆ.

ತೊಂಬತ್ತರ ದಶಕದ ಕೊನೆ. ನಾವಿಬ್ಬರೂ ಹುಣಸೂರು ಕೋರ್ಟಿನಲ್ಲಿ ಜೂನಿಯರ್ ವಕೀಲರು. ರತ್ನ ರಾವಂದೂರಿನ ರೈತರ ಮಗಳು, ದಿನಾ ಬುತ್ತಿ ಹಂಚಿಕೊಳ್ಳುವ ಗೆಳತಿ. ಹೊಸ ಕಾಲೇಜೊಂದಕ್ಕೆ ನೋಟೀಸು, ದಾವೆ, ಅರ್ಜಿ ಬರೆಯುವುದನ್ನು ಕಲಿಸುವವರು ಬೇಕಾಗಿದ್ದರು. ಇಬ್ಬರಿಗೂ ಒಂದೇ ಪರೀಕ್ಷೆ — ಹೊಲದ ಗಾಡಿದಾರಿಗೆ ಬೇಲಿ ಹಾಕಿದವನಿಗೊಂದು ನೋಟೀಸು ಬರೆಯಿರಿ, ಹಾಳೆಯ ಮೇಲೆ ನಿಮ್ಮ ಹೆಸರು ಹಾಕಬೇಡಿ. ನಾನು 'ಸದರಿ', 'ಮೇಲ್ಕಂಡ' ಎಂದು ನಾಲ್ಕು ಪುಟ ತುಂಬಿಸಿದೆ. ರತ್ನ ಅರ್ಧ ಪುಟ ಬರೆದಿಟ್ಟು ಬಸ್ಸು ಹಿಡಿಯಲು ಓಡಿದಳು.

ಪ್ರಿನ್ಸಿಪಾಲರು ಆ ಅರ್ಧ ಪುಟ ಹಿಡಿದು ನಗುತ್ತಾ ಹೊರಗೆ ಬಂದರು. "ಇದನ್ನ ಓದಿದ್ರೆ ಬೇಲಿ ಹಾಕ್ದೋನೇ ಬಂದು ಕೀಳ್ತಾನೆ. ನಿಮ್ದೇನಮ್ಮ?"

"ಹೌದು ಸರ್" ಎಂದೆ. ಯಾಕೆಂದರೆ — ಆಸೆ. ಬೇರೇನಿಲ್ಲ.

ಕೆಲಸ ಸಿಗದ ರತ್ನಳೇ ನನಗೆ ಮೈಸೂರುಪಾಕು ತಂದಳು. "ನಾನು ಕಮ್ಮಿ ಬರುದ್ಬುಟ್ಟೆ ಕಣೆ. ನಿನ್ನಂಗೆ ಉದ್ದಕ್ಕೆ ಬರೀಬೇಕಿತ್ತು." ಅಂದಿನಿಂದ ಅವಳ ನೋಟೀಸುಗಳು ಉದ್ದವಾಗುತ್ತಾ ಹೋದವು. ಕಕ್ಷಿದಾರರು ಅರ್ಥವಾಗದೆ ಬೇರೆಯವರ ಹತ್ತಿರ ಹೋದರು. ನೋಡಿಯೂ ನಾನು...

ಇತ್ತ ನನ್ನ ಫಜೀತಿ ಬೇರೆ. ತರಗತಿಯಲ್ಲಿ ರತ್ನಳಂತೆ ಬರೆದು ತೋರಿಸಬೇಕಲ್ಲ. ಬರೆದದ್ದನ್ನೆಲ್ಲ ಅವ್ವನಿಗೆ ಓದುತ್ತಿದ್ದೆ, ಅವಳು "ಅಂಗಂದ್ರೇನವ್ವ?" ಎಂದರೆ ಹರಿದುಹಾಕುವುದು. ಮೊದಲ ವರ್ಷ ನಮ್ಮ ನೀರೊಲೆ ಉರಿದದ್ದೇ ನನ್ನ ನೋಟೀಸುಗಳಿಂದ.

ಆರು ವರ್ಷದ ಮೇಲೆ ಅದೇ ಪಾಠಕ್ಕೆ ಇನ್ನೊಬ್ಬರು ಬೇಕಾದರು. ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೆ. ರತ್ನಳ ಅರ್ಜಿ ಬಂತು — ಏಳು ಪುಟ, ಮೊದಲ ಸಾಲಿನಲ್ಲೇ ಮೂರು 'ಸದರಿ'. ನಗು ಬಂತು. ಮರುಗಳಿಗೆ ನಾಚಿಕೆಯಾಯಿತು. ಅಂದೇ ರಾವಂದೂರಿಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ಅವರೆಕಾಯಿ ಬಿಡಿಸುತ್ತಿದ್ದ ಅವಳ ಕೈ ನಿಂತಿತು. "ಅಂಗಾರೆ ನಾನು ಬರ್ದಿದ್ದು ಚೆನ್ನಾಗಿತ್ತಾ?"

"ಇವತ್ತಿಗೂ ಅದನ್ನೇ ಪಾಠ ಮಾಡ್ತೀನಿ ಕಣೆ."

ಅವಳು ನಕ್ಕಳು — ಮನೆಯವರೆಲ್ಲ ಹೊರಗೆ ಬಂದು ನೋಡುವಷ್ಟು. ನಕ್ಕು ಸುಸ್ತಾದ ಮೇಲೆ ಮೆಲ್ಲಗೆ ಅಂದಳು: "ಆರು ವರ್ಷ ನಂಗೆ ಬರಿಯಾಕೇ ಬರಲ್ಲ ಅನ್ಕಂಡಿದ್ನಲ್ಲೇ. ಅದನ್ನ ಮರಿಯಾಕಾಗಲ್ಲ, ತಿಳ್ಕೊ."

ಮರುದಿನ ಪ್ರಿನ್ಸಿಪಾಲರಿಗೆ ನಿಜವನ್ನೂ ರಾಜೀನಾಮೆಯನ್ನೂ ಬರೆದುಕೊಟ್ಟೆ. ರಾಜೀನಾಮೆ ವಾಪಸ್ ಬಂತು; ಸಮಿತಿಯಿಂದ ನನ್ನನ್ನು ತೆಗೆದರು. ರತ್ನ ಪರೀಕ್ಷೆ ಬರೆದು, ಗೆದ್ದು ಬಂದಳು. ಈಗ ಪಕ್ಕದ ಕೊಠಡಿಯಲ್ಲಿ ಪಾಠ ಮಾಡುತ್ತಾಳೆ. ಅವಳ ಹುಡುಗರ ನಗು ಗೋಡೆ ದಾಟಿ ಬರುವಾಗ ನನ್ನವರೂ ಕಿವಿಗೊಟ್ಟು ನಗುತ್ತಾರೆ. ನಾನೂ.

ಆದರೆ ಹಾಜರಿ ಪುಸ್ತಕದಲ್ಲಿ ಸೇವೆಗೆ ಸೇರಿದ ಕ್ರಮದಲ್ಲಿ ಹೆಸರು ಬರೆಯುತ್ತಾರೆ. ನನ್ನದು ಮೇಲೆ, ಅವಳದು ಎಷ್ಟೋ ಕೆಳಗೆ. ಪ್ರತಿ ಬೆಳಿಗ್ಗೆ ನಾನು ರುಜು ಹಾಕುವುದು ಅವಳದಾಗಬೇಕಿದ್ದ ಸಾಲಿನಲ್ಲಿ.