ದಾಸಮ್ಮ ಸುಲಿದ ಕಾಯಿ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ, ಊರು ದಾಟಿದ ಮೇಲೆ, ತಗಡಿನ ಮಾಡಿನ ಒಂದು ಎಣ್ಣೆ ಮಿಲ್ಲು ಇದೆ. ಅದನ್ನು ಹದಿನೇಳು ವರ್ಷ ನಡೆಸಿದವರು ಅದರಲ್ಲಿ ದುಡಿಯುತ್ತಿದ್ದವರೇ. ಕಡಲೆಕಾಯಿ ಬೆಳೆದು ತರುವ ರೈತರು, ಯಂತ್ರ ನಡೆಸುವವರು, ಕಾಯಿ ಸುಲಿಯುವ ಹೆಂಗಸರು, ಎಲ್ಲರೂ ಸೇರಿ ಅರವತ್ತೆರಡು ಮಂದಿ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಹತ್ತು ಎಕರೆ ಇದ್ದವನಿಗೂ ಒಂದೇ ಮತ, ಗೇಣು ಭೂಮಿ ಇಲ್ಲದವಳಿಗೂ ಒಂದೇ ಮತ. ಎಣ್ಣೆಗೆ ಎಷ್ಟು ಬೆಲೆ, ಕಾಯಿಗೆ ಎಷ್ಟು, ಕೂಲಿ ಎಷ್ಟು ಎಂಬುದನ್ನು ಅವರೇ ಕುಳಿತು ತೀರ್ಮಾನಿಸುತ್ತಿದ್ದರು. ಸಭೆಯ ನಡಾವಳಿ ಬರೆಯಲು ಮೇಷ್ಟ್ರಾದ ನನ್ನನ್ನು ಕರೆಯುತ್ತಿದ್ದರು. ಆದ್ದರಿಂದ ಇಲ್ಲಿ ಹೇಳುವುದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ.

ಗೇಣು ಭೂಮಿ ಇಲ್ಲದವರಲ್ಲಿ ಒಬ್ಬಳು ದಾಸಮ್ಮ. ಆಕೆಗೆ ಇಪ್ಪತ್ತೆರಡು ವರ್ಷವಿದ್ದಾಗ ನಮ್ಮ ಸಾಕ್ಷರತಾ ತರಗತಿಗೆ ಬರುತ್ತಿದ್ದಳು. ಕಲಿಯುವುದು ನಿಧಾನ, ಕಲಿತದ್ದನ್ನು ಮಾತ್ರ ಬಿಡುತ್ತಿರಲಿಲ್ಲ. ಆಗ ಆಕೆ ಒಬ್ಬ ಸಾಹುಕಾರರ ಮಂಡಿಗೆ ಬಿತ್ತನೆಯ ಕಾಯಿ ಸುಲಿಯುತ್ತಿದ್ದಳು. ಯಂತ್ರದಲ್ಲಿ ಸುಲಿದರೆ ಬೀಜ ಒಡೆದು ಮೊಳಕೆ ಕೆಡುತ್ತದೆ. ಬಿತ್ತನೆಗೆ ಕೈಯಲ್ಲಿ ಸುಲಿದ ಬೀಜವೇ ಆಗಬೇಕು. ಆ ಮಂಡಿಯಲ್ಲಿ ಆಕೆಯ ಕೂಲಿಯನ್ನು ಕೈಗೆ ಕೊಡುತ್ತಿರಲಿಲ್ಲ. ಜಗಲಿಯ ಮೇಲೆ ಇಟ್ಟು ಹಿಂದಕ್ಕೆ ಸರಿಯುತ್ತಿದ್ದರು, ಆಕೆ ಎತ್ತಿಕೊಳ್ಳುತ್ತಿದ್ದಳು. ಮುಂದೆ ಆಕೆಯ ಗಂಡನ ಮನೆಯವರು ಬೌದ್ಧ ಧರ್ಮವನ್ನು ಸ್ವೀಕರಿಸಿದರು, ಮಗಳಿಗೆ ಸಂಘಮಿತ್ರಾ ಎಂದು ಹೆಸರಿಟ್ಟರು. ಜಗಲಿಯ ಪದ್ಧತಿ ಅದರಿಂದೇನೂ ನಿಲ್ಲಲಿಲ್ಲ. ನಿಂತದ್ದು ಸಂಘದ ಮಿಲ್ಲಿನಲ್ಲಿ. ಅಲ್ಲಿ ಆಕೆ ಎಲ್ಲರ ಜೊತೆ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುತ್ತಿದ್ದಳು. ಬಂದ ಪ್ರತಿ ಮೂಟೆಯಿಂದ ಒಂದು ಬೀಜ ಕಚ್ಚಿ ನೋಡಿ, ಕಹಿಯಿದ್ದರೆ ಮೂಟೆಯನ್ನೇ ವಾಪಸು ಕಳಿಸುವ ಅಧಿಕಾರ ಆಕೆಯದಾಗಿತ್ತು. ದೊಡ್ಡ ರೈತರೂ ಆಕೆಯ ಮುಖ ನೋಡುತ್ತ ನಿಲ್ಲುತ್ತಿದ್ದರು.

ಸಂಘದಲ್ಲಿ ಕೈ ಎತ್ತಿ ಮತ ಹಾಕುವ ಪದ್ಧತಿ ಇರಲಿಲ್ಲ. ಕೈ ಎತ್ತಿದರೆ ಯಾರು ಯಾರ ಕಡೆ ಎಂದು ಗೊತ್ತಾಗಿಬಿಡುತ್ತದೆ. ನಾಳೆ ಅದೇ ಹೊಲಕ್ಕೆ ಕೂಲಿಗೆ ಹೋಗಬೇಕು. ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಕಡಲೆಕಾಯಿ ಕೊಡುತ್ತಿದ್ದರು. ಬೇಡ ಎನ್ನುವವರು ಕಾಯಿಯನ್ನು ಹಾಗೆಯೇ ಗಡಿಗೆಯೊಳಗೆ ಬಿಡಬೇಕು, ಒಪ್ಪಿಗೆ ಇದ್ದವರು ಸುಲಿದು ಬೀಜ ಬಿಡಬೇಕು. ಗಡಿಗೆಯ ಬಾಯಿಗೆ ಬಟ್ಟೆ; ಅದರಡಿ ಕೈ ಹಾಕಿ ಸುಲಿಯುವುದರಿಂದ ಯಾರು ಏನು ಬಿಟ್ಟರೆಂದು ಕಾಣುತ್ತಿರಲಿಲ್ಲ. ಕೊನೆಗೆ ಇಡೀ ಕಾಯಿಗಳನ್ನು ಎಣಿಸಿದರೆ ತೀರ್ಮಾನ ತಿಳಿಯುತ್ತಿತ್ತು.

ಹೊರದೇಶದ ತಾಳೆ ಎಣ್ಣೆಯ ಮೇಲಿನ ಸುಂಕ ಇಳಿದ ವರ್ಷ ಈ ಏರ್ಪಾಡೆಲ್ಲ ಅಲುಗಾಡಿತು. ಅಂಗಡಿಗಳಲ್ಲಿ ಪ್ಯಾಕೆಟ್ ಎಣ್ಣೆ ನಮ್ಮ ಎಣ್ಣೆಯ ಅರ್ಧ ಬೆಲೆಗೆ ಬಂತು. ಸಿರಾದ ಹೋಟೆಲಿನವರು ಡಬ್ಬ ಒಯ್ಯುವುದನ್ನು ನಿಲ್ಲಿಸಿದರು. ಗೊರವನಹಳ್ಳಿಯ ಯಾತ್ರಿಕರಿಗೆ ತಿಂಡಿ ಮಾರುವವರೂ ನಿಲ್ಲಿಸಿದರು. ಎಲ್ಲೋ ಸಮುದ್ರದಾಚೆಗಿನವರೂ ದೆಹಲಿಯವರೂ ಕುಳಿತು ಬೆಲೆ ಮಾಡಿದ್ದರು. ಆ ಚಾಪೆಯ ಮೇಲೆ ನಮ್ಮವರಿಗೆ ಜಾಗವಿರಲಿಲ್ಲ. ಮಿಲ್ಲಿನಲ್ಲಿ ಡಬ್ಬಗಳು ಗೋಡೆಯೆತ್ತರಕ್ಕೆ ಉಳಿದವು.

ಆಗ ಪ್ರಸನ್ನ ಕುಮಾರ್ ಎಂಬವರು ಬಂದರು. ಒಂದು ಎಣ್ಣೆ ಕಂಪನಿಯ ಪರವಾಗಿ ಬಂದ ನಯವಾದ ಮಾತಿನ ಮನುಷ್ಯ. ಮಿಲ್ಲನ್ನು ಒಂಬತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟರೆ ಅಲ್ಲಿ ತಾಳೆ ಎಣ್ಣೆಯನ್ನು ಪ್ಯಾಕೆಟ್ ಮಾಡುವುದಾಗಿಯೂ, ಇದ್ದವರಿಗೆಲ್ಲ ತಿಂಗಳ ಸಂಬಳ ಕೊಡುವುದಾಗಿಯೂ ಹೇಳಿದರು. ತೀರ್ಮಾನಗಳೆಲ್ಲ ಕಂಪನಿಯವು. ಆಗಲೇ ಸಂಘದ ಸದಸ್ಯೆಯಾಗಿದ್ದ ಸಂಘಮಿತ್ರಾಳಿಗೆ ಸಂಬಳ ಬೇಕಾಗಿತ್ತು, ಎರಡು ಮಕ್ಕಳ ತಾಯಿ ಆಕೆ. ದಾಸಮ್ಮನಿಗೆ ಮಿಲ್ಲು ತಮ್ಮ ಕೈಯಲ್ಲೇ ಉಳಿಯಬೇಕಾಗಿತ್ತು. ತಾಯಿ ಮಗಳು ಒಂದು ವಾರ ಮಾತು ಬಿಟ್ಟರು. ದಾಸಮ್ಮ ಮನೆಮನೆಗೆ ಹೋಗಿ, ಒಬ್ಬೊಬ್ಬರ ಕಾಯಿಯೂ ಲೆಕ್ಕಕ್ಕೆ ಬರುತ್ತದೆ, ತಪ್ಪದೆ ಬನ್ನಿ ಎಂದು ಹೇಳಿಬಂದಳು.

ಸಭೆಯ ದಿನ, ಯಂತ್ರ ನಡೆಸುವ ಪಾವಗಡದ ಕದರಪ್ಪ ಆಕೆಯನ್ನು ಬಾಗಿಲಲ್ಲೇ ಕೆಣಕಿದ.

“ದಾಸಕ್ಕಾ, ಆವಪ್ಪ ಎಸಿ ಕಾರಲ್ಲಿ ಬಂದವ್ನೆ. ಎಲ್ರಿಗೂ ಕೈ ಕುಲುಕ್ತಾನಂತೆ, ತೊಳ್ಕಂಡು ಬಾ.”

“ಕುಲುಕಿದ್ ಮ್ಯಾಲೆ ಅವ್ನೇ ತೊಳ್ಕಳ್ಲಿ ಬುಡು,” ಎಂದಳು ದಾಸಮ್ಮ.

ಮಾಮೂಲಿನಂತೆ ಚರ್ಚೆ ಮುಗಿದ ಮೇಲೆ ಕಾಯಿ ಹಂಚಬೇಕು. ಅಂದು ಅಧ್ಯಕ್ಷರಾದ ಗಂಗಹನುಮಯ್ಯನವರು, ಅತಿಥಿಯನ್ನು ಕಾಯಿಸಬಾರದೆಂದು, ಮೊದಲೇ ಹಂಚಿಬಿಟ್ಟರು. ಪ್ರಸನ್ನ ಕುಮಾರ್ ಒಂದು ಗಂಟೆ ಮಾತನಾಡಿದರು. ನಾನು ಬರೆಯುತ್ತ ಕುಳಿತಿದ್ದೆ. ನಲವತ್ತು ವರ್ಷ ಕಾಯಿ ಸುಲಿದ ಬೆರಳುಗಳಿಗೆ ಕಾಯಿ ಸಿಕ್ಕಿತ್ತು. ಮನಸ್ಸು ಮಾತಿನ ಕಡೆ ಇತ್ತು. ಗಡಿಗೆ ತನ್ನ ಮುಂದೆ ಬಂದಾಗ ದಾಸಮ್ಮ ಅಂಗೈ ತೆರೆದು ನೋಡಿಕೊಂಡಳು. ಸಿಪ್ಪೆ ಮಡಿಲಲ್ಲಿ ಬಿದ್ದಿತ್ತು. ಅಂಗೈಯಲ್ಲಿ ಎರಡು ಬೀಜ.

ಆಕೆ ಬೇರೊಂದು ಕಾಯಿ ಕೇಳಲಿಲ್ಲ. ಒಬ್ಬರಿಗೆ ಒಂದೇ ಎಂಬ ನಿಯಮವಿತ್ತು, ಹೊರಗಿನವರ ಎದುರಿಗೆ ನಾಚಿಕೆಯೂ ಇತ್ತು. ಬೀಜಗಳನ್ನು ಗಡಿಗೆಯೊಳಗೆ ಬಿಟ್ಟಳು.

ಬಂದಿದ್ದವರು ಅರವತ್ತೊಂದು ಮಂದಿ. ಗಂಗಹನುಮಯ್ಯನವರು ಎರಡು ಸಲ ಎಣಿಸಿದರು. ಇಡೀ ಕಾಯಿಗಳು ಮೂವತ್ತು. ಗುತ್ತಿಗೆಗೆ ಒಪ್ಪಿದವರು ಮೂವತ್ತೊಂದು ಎಂದಾಯಿತು.

ದಾಸಮ್ಮ ಎದ್ದು ನಿಂತಳು. “ಅಧ್ಯಕ್ಷರೇ, ನನ್ ಕಾಯಿ ಕೈಯಾಗೇ ಸುಲ್ದೋಗೈತೆ. ನಾನು ಬ್ಯಾಡ ಅನ್ನೋಳು.”

ಯಾರೋ ನಕ್ಕರು. ಕದರಪ್ಪ ನಗಲಿಲ್ಲ. “ಏಮಕ್ಕಾ, ಹೋದೊರ್ಸ ಹಿಂಡಿ ರೇಟಿನಾಗೆ ನಾನು ತಪ್ಪಾಕಿದೀನಿ, ವಾಪಸ್ ಕೊಡ್ರಿ ಅಂದಾಗ ಏನಂದೆ ನೀನು? ಗಡಿಗೆಯಾಗೆ ಬಿದ್ದಿದ್ದು ಬಿತ್ತು ಅಂದೆ. ಗ್ಯಾಪಕ ಐತಾ?”

ದಾಸಮ್ಮ ಕಾಲ ಬಳಿ ಬಿದ್ದಿದ್ದ ಸಿಪ್ಪೆಯನ್ನು ಎತ್ತಿಕೊಂಡಳು. “ಐತೆ,” ಎಂದು ಕುಳಿತುಕೊಂಡಳು. ಗಂಗಹನುಮಯ್ಯನವರು ನನ್ನ ಕಡೆ ನೋಡಿದರು. ಎಣಿಕೆಯಲ್ಲಿ ಬಂದದ್ದನ್ನೇ ನಾನು ಬರೆದುಕೊಂಡೆ. ಇನ್ನೆಷ್ಟು ಹೆಂಗಸರ ಬೆರಳುಗಳು ಅಂದು ಹಾಗೆಯೇ ಮಾಡಿದವೋ, ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅಂದು ಹಿಂದಿರುಗುವಾಗ ಆಕೆ ನನಗೆ ಹೇಳಿದ್ದು ಒಂದೇ ಮಾತು: “ಒಂದು ಕಾಯಿ ತಾನೇ ಅಂದ್ಕಂಡ್ಬುಟ್ಟೆ ಮೇಷ್ಟ್ರೇ.”

ಕಂಪನಿ ಬಂತು. ಬಂದರಿನಿಂದ ಟ್ಯಾಂಕರುಗಳು ಬರತೊಡಗಿದವು. ಕಡಲೆಕಾಯಿ ಕೊಳ್ಳುವವರಿಲ್ಲದೆ ರೈತರು ದಲ್ಲಾಳಿ ಕೇಳಿದ ಬೆಲೆಗೆ ಮಾರಿದರು. ಮರುವರ್ಷ ಹೊಲಗಳಲ್ಲಿ ಮುಸುಕಿನ ಜೋಳ ಬಂತು. ಕದರಪ್ಪನ ಯಂತ್ರವನ್ನು ಬಿಚ್ಚಿ ಗೋಡೆಗೆ ಒರಗಿಸಿದರು, ಅವನಿಗೆ ಪ್ಯಾಕೆಟ್ಟಿನ ಪೆಟ್ಟಿಗೆ ಹೊರುವ ಕೆಲಸ ಕೊಟ್ಟರು. ಕಚ್ಚಿ ನೋಡಲು ಬೀಜವೇ ಇಲ್ಲದ ಮೇಲೆ ದಾಸಮ್ಮನಿಗೆ ನೆಲ ಒರೆಸುವ ಕೆಲಸವಾಯಿತು. ಐವತ್ತೈದು ದಾಟಿದವರು ಬೇಡವೆಂದು ಎರಡನೆಯ ವರ್ಷ ಅದನ್ನೂ ಬಿಡಿಸಿದರು. ಸಂಘಮಿತ್ರಾ ಮಾತ್ರ ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಪ್ಯಾಕೆಟ್ ತುಂಬುತ್ತಿದ್ದಳು.

ಸಂಘದ ಹೆಸರು ಇನ್ನೂ ಉಳಿದಿತ್ತು. ಆದರೆ ಎರಡು ವರ್ಷ ವಾರ್ಷಿಕ ಸಭೆ ನಡೆದಿರಲಿಲ್ಲ. ಮೂರನೆಯ ವರ್ಷವೂ ನಡೆಯದಿದ್ದರೆ ಸಂಘವನ್ನು ರದ್ದು ಮಾಡಲಾಗುವುದೆಂದು ಸಹಕಾರ ಇಲಾಖೆಯಿಂದ ನೋಟಿಸು ಬಂತು. ರದ್ದಾದರೆ ಗುತ್ತಿಗೆ ಮುಗಿದ ಮೇಲೆ ಮಿಲ್ಲನ್ನು ವಾಪಸು ಕೇಳುವವರೇ ಇರುವುದಿಲ್ಲ. ದಾಸಮ್ಮ ಮತ್ತೆ ಮನೆಮನೆ ತಿರುಗಿದಳು.

ಕಂಪನಿಯವರು ಒಳಗೆ ಬಿಡಲಿಲ್ಲವಾದ್ದರಿಂದ ಸಭೆಯನ್ನು ಗೇಟಿನ ಹೊರಗೆ, ರಸ್ತೆಯ ಬದಿಯಲ್ಲಿ ಸೇರಿಸಿದೆವು. ಕೋರಂಗೆ ಇಪ್ಪತ್ತೊಂದು ಮಂದಿ ಬೇಕು. ಬಂದವರು ಹದಿನಾಲ್ಕು. ಕೆಲವರು ಗುಳೆ ಹೋಗಿದ್ದರು, ಕೆಲವರು ತೀರಿಕೊಂಡಿದ್ದರು. ಗೇಟಿನ ಒಳಗೆ, ಪಾಳಿಯಲ್ಲಿ, ಹದಿನೆಂಟು ಮಂದಿ ಸದಸ್ಯರಿದ್ದರು.

ಹನ್ನೊಂದು ಗಂಟೆಗೆ ಸಂಘಮಿತ್ರಾ ಗೇಟಿನ ಸರಳುಗಳ ಹತ್ತಿರ ಬಂದಳು. ಹಿಂದೆ ಕದರಪ್ಪನೂ ಇದ್ದ.

“ಅವ್ವಾ, ಒಂದ್ ಸೈನ್ ಹಾಕಿ ಬತ್ತೀವಿ ಅಂದ್ರೂ ಬುಡ್ತಿಲ್ಲ. ಈಚೆಗೋದೋರು ನಾಳೆಯಿಂದ ಬರಂಗಿಲ್ಲ ಅಂದವ್ರೆ. ನೀನು ಬಾ ಅನ್ನು, ಎಲ್ರೂ ಬತ್ತೀವಿ.”

ದಾಸಮ್ಮ ಸರಳುಗಳ ನಡುವೆ ಒಳಗೆ ನೋಡಿದಳು. ಬಾಗಿಲಲ್ಲಿ ನಿಂತ ಒಂದೊಂದು ಮುಖವನ್ನೂ ಆಕೆ ಬಲ್ಲಳು. ಯಾರ ಮನೆಯಲ್ಲಿ ಎಷ್ಟು ಜನ ಎಂಬುದನ್ನೂ ಬಲ್ಲಳು.

“ಒಳಕ್ಕೋಗವ್ವ,” ಎಂದಳು. “ಟೋಪಿ ಸರಿ ಮಾಡ್ಕ.”

ಸಂಘಮಿತ್ರಾ ಟೋಪಿ ಸರಿಮಾಡಿಕೊಂಡು ಒಳಗೆ ಹೋದಳು. ಕೋರಂ ಇಲ್ಲದ ಕಾರಣ ಸಭೆಯನ್ನು ಮುಂದೂಡಲಾಗಿದೆ ಎಂದು ನಾನು ನಡಾವಳಿ ಪುಸ್ತಕದಲ್ಲಿ ಬರೆದೆ. ದಾಸಮ್ಮ ಪುಸ್ತಕವನ್ನು ತೆಗೆದುಕೊಂಡು, ಅಕ್ಷರ ಅಕ್ಷರವಾಗಿ ಓದಿದಳು.

“ಮುಂದೂಡೈತೆ ಅಂತ ಯಾಕ್ ಬರ್ದ್ರಿ ಮೇಷ್ಟ್ರೇ? ನಡೀಲಿಲ್ಲ ಅಂತ ಬರೀರಿ.”

ನಾನು ಆ ಸಾಲನ್ನು ಹೊಡೆದುಹಾಕಿ ಹಾಗೆಯೇ ಬರೆದೆ. ಮೊದಲ ಸಹಿ ಆಕೆಯೇ ಹಾಕಿದಳು.