ನಾಲಿಗೆ ತೋರಿಸು

ಬೇಸಿಗೆ ಶಿಬಿರದ ಮಕ್ಕಳು ಅವಳಿಗೆ ಇಟ್ಟ ಹೆಸರು ನಾಲಿಗೆ ಅಜ್ಜಿ. ಗೇಟಿನ ಪಕ್ಕ ಒಂದು ಕಾಲು ಅಲ್ಲಾಡುವ ಕುರ್ಚಿಯಲ್ಲಿ ಕೂತು ಅವಳು ಪ್ರತಿ ಮಗುವಿಗೂ ಹೇಳುವುದು ಒಂದೇ ಮಾತು, ನಾಲಿಗೆ ತೋರಿಸು. ಮನೆಯಲ್ಲಿ ಹಿರಿಯರಿಗೆ ನಾಲಿಗೆ ಚಾಚಿದರೆ ಏಟು ಬೀಳುತ್ತದೆ, ಇಲ್ಲಿ ಚಾಚದಿದ್ದರೆ ಒಳಗೇ ಬಿಡುವುದಿಲ್ಲ. ಹಾಗಾಗಿ ಮಕ್ಕಳು ಗಂಟಲು ಕಾಣುವಷ್ಟು ಚಾಚುತ್ತಿದ್ದವು.

ಆಸ್ಪತ್ರೆಯಲ್ಲಿ ಆಯಾ ಆಗಿ ಸೊಂಟ ಸವೆಸಿ ಬಂದವಳು. ನಿವೃತ್ತಿ ಅಂದರೆ ಉಳ್ಳವರಿಗೆ ವಿಶ್ರಾಂತಿ, ಅವಳಂಥವರಿಗೆ ಇನ್ನೊಂದು ಕಡೆ ಕೆಲಸ. ನಲ್ಲಿಗಳ ಹತ್ತಿರ ಸೋಪು ಇಡಬೇಕು, ಕಕ್ಕಿದ್ದನ್ನು ಬಳಿಯಬೇಕು, ಚಾಪೆಗಳನ್ನು ಬಿಸಿಲಿಗೆ ಹಾಕಬೇಕು, ಜ್ವರದ ಮಗುವನ್ನು ಮನೆಗೆ ವಾಪಸ್ ಕಳಿಸಬೇಕು. ಜ್ವರ ನೋಡಲು ಹಣೆಗೆ ಹಿಡಿಯುವ ಯಂತ್ರವನ್ನೇನೋ ಶಿಬಿರದವರು ಕೊಟ್ಟಿದ್ದರು. ಆದರೆ ತಾಯಂದಿರು ಯಂತ್ರಕ್ಕಿಂತ ಚುರುಕು. ಮನೆಯಲ್ಲೇ ಜ್ವರದ ಗುಲಾಬಿ ಔಷಧಿ ಕುಡಿಸಿ ಕರೆತಂದರೆ ಯಂತ್ರ ಹಸಿರು ದೀಪ ತೋರಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಔಷಧಿ ಇಳಿದು ಜ್ವರ ಏರುತ್ತದೆ, ಅಷ್ಟರಲ್ಲಿ ಆ ಮಗು ಹತ್ತು ಮಕ್ಕಳ ಮುಖಕ್ಕೆ ಸೀನಿರುತ್ತದೆ. ಔಷಧಿಯ ಬಣ್ಣ ಮಾತ್ರ ನಾಲಿಗೆಯ ಮೇಲೆ ಉಳಿದಿರುತ್ತದೆ. ಇದು ಅವಳಿಗೆ ತಿಳಿದದ್ದು ಹೋದ ವರ್ಷ, ದಡಾರ ಇಡೀ ಶಿಬಿರವನ್ನು ಮಲಗಿಸಿದ ಮೇಲೆ. ಆ ಶಿಬಿರದ ಉಳಿದ ದಿನಗಳಲ್ಲೆಲ್ಲ ನಾಲಿಗೆ ನೋಡಿಯೇ ಒಳಗೆ ಬಿಟ್ಟಳು. ಎಲ್ಲ ಮಕ್ಕಳೂ ಎದ್ದು ಕೂತರು. ಟೈಲರನ ಮಗಳಿಗೆ ಮಾತ್ರ ಎಡಗಿವಿ ಹೋಯಿತು.

ಈ ವರ್ಷ ಶಿಬಿರದ ಮೊದಲ ದಿನ. ಕಾರಿನಿಂದ ಇಳಿದ ಒಬ್ಬ ತಂದೆಯ ಜೊತೆ ಆಗಲೇ ಒಂದು ಸುತ್ತು ಜಗಳ ಮುಗಿದಿತ್ತು. ಮಗ ಚಾಕಲೇಟ್ ತಿಂದಿದ್ದಾನೆ ಅಂತ ಆತ, ಗುಲಾಬಿ ಬಣ್ಣದ ಚಾಕಲೇಟ್ ಎಲ್ಲಿ ಸಿಗುತ್ತದೆ ಹೇಳಿ, ನನ್ನ ಮೊಮ್ಮಗಳಿಗೂ ತಂದುಕೊಡ್ತೀನಿ ಅಂತ ಇವಳು. ಆತ ಗೊಣಗುತ್ತಾ ಮಗನನ್ನು ಕಾರಿಗೆ ಹತ್ತಿಸುವ ಹೊತ್ತಿಗೆ ಸಾಲಿನಲ್ಲಿ ಮುಂದೆ ಬಂದದ್ದು ಅದೇ ಮೊಮ್ಮಗಳು, ಕೈ ಹಿಡಿದುಕೊಂಡು ಅವಳ ತಾಯಿ.

ಆ ತಾಯಿ, ಅಜ್ಜಿಯ ಮಗಳು, ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಇನ್ನೊಂದು ರಜೆ ಹಾಕಿದರೆ ಮತ್ತೆ ಬರಬೇಡ ಅಂತ ಸೂಪರ್‌ವೈಸರ್ ಅಂದಿದ್ದ. ಮಗುವಿನ ದಡಾರದ ಲಸಿಕೆಯ ಎರಡನೇ ಸೂಜಿಗೂ ಅದೇ ಶಿಫ್ಟ್ ಅಡ್ಡ ಬಂದು, ಆ ಸೂಜಿ ಹಾಗೇ ಉಳಿದಿತ್ತು.

ಯಂತ್ರ ಹಸಿರು ತೋರಿಸಿತು. ಮಗುವಿನ ಕಣ್ಣು ಕೆಂಪಗಿತ್ತು, ಮೂಗು ಸೋರುತ್ತಿತ್ತು.

"ನಾಲಿಗೆ ತೋರಿಸು."

ಮಗು ತಾಯಿಯ ಮುಖ ನೋಡಿತು, ತುಟಿ ಬಿಗಿಹಿಡಿಯಿತು. ಚಾಚದ ನಾಲಿಗೆಯೇ ಎಲ್ಲ ಹೇಳಿತು.

"ಬೆಳಿಗ್ಗೆ ಸ್ವಲ್ಪ ಮೈ ಬಿಸಿ ಇತ್ತು ಅಷ್ಟೇ ಅಮ್ಮ," ಮಗಳು ತಗ್ಗಿದ ದನಿಯಲ್ಲಿ ಅಂದಳು. "ಇದೊಂದು ದಿನ ಬಿಡು. ನಿನ್ನ ಕಣ್ಣೆದುರೇ ಇರ್ತಾಳಲ್ಲ."

"ನನ್ನ ಕಣ್ಣೆದುರಿದ್ರೆ ರೋಗ ಹೆದರಿಕೊಂಡು ಕೂರುತ್ತಾ?"

"ಹಾಗಾದ್ರೆ ಎಲ್ಲಿ ಬಿಡ್ಲಿ? ನೀನೇ ಹೇಳು."

ಅಜ್ಜಿ ಗೇಟಿನತ್ತ ನೋಡಿದಳು. ಕಾರಿನ ತಂದೆ ಇನ್ನೂ ಹೊರಟಿರಲಿಲ್ಲ, ಕಿಟಕಿ ಇಳಿಸಿ ನೋಡುತ್ತಿದ್ದ. ಅವನು ಹಾಳಾಗಲಿ. ಸಾಲಿನ ಹಿಂದೆ ಟೈಲರನ ಮಗಳು ಬಲಗಿವಿಯನ್ನು ಇತ್ತ ತಿರುಗಿಸಿ ನಿಂತಿದ್ದಳು, ಹೆಸರು ಕರೆದರೆ ಕೇಳಿಸಲಿ ಅಂತ. ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. ಸಿಟ್ಟು ಮಾಡುವಷ್ಟು ಶಕ್ತಿಯೂ ಇರಲಿಲ್ಲ.

"ನೀನು ಕೆಲಸಕ್ಕೆ ಹೋಗು. ಮಗೂನ ನಾನು ಮನೆಗೆ ಕರ್ಕೊಂಡು ಹೋಗ್ತೀನಿ."

ಶಿಬಿರದ ಮೇಲ್ವಿಚಾರಕರು ಓಡಿ ಬಂದರು. ಮೊದಲ ದಿನವೇ ಹೀಗೆ ಕೈ ಕೊಟ್ಟರೆ ಹೇಗೆ ಅಂತ ಕೇಳಿದರು. ಅಜ್ಜಿ ಯಂತ್ರವನ್ನು ಅವರ ಕೈಗಿಟ್ಟು, ಹಣೆ ನೋಡಿ ನಂಬಬೇಡಿ ಸಾರ್, ನಾಲಿಗೆ ನೋಡಿ ಅಂತ ಹೇಳಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ನಡೆದಳು. ಬಾಡಿಗೆ ಮನೆಯ ಮೆಟ್ಟಿಲು ಹತ್ತುವಾಗಲೇ ಅವಳ ಭುಜಕ್ಕೆ ಬಿಸಿ ತಟ್ಟತೊಡಗಿತ್ತು.

ಮೂರನೇ ದಿನ ಮಗುವಿನ ಕಿವಿಯ ಹಿಂದೆ ಕೆಂಪು ಗುಳ್ಳೆ ಎದ್ದವು. ದಡಾರವೇ. ಡಾಕ್ಟರು ನೋಡಿ ಔಷಧಿ ಕೊಟ್ಟರು, ಗುಳ್ಳೆ ಆರುವವರೆಗೂ ಬೇರೆ ಮಕ್ಕಳ ಹತ್ತಿರ ಬಿಡಬೇಡಿ ಅಂದರು. ಅಜ್ಜಿಗೆ ದಡಾರ ಚಿಕ್ಕಂದಿನಲ್ಲೇ ಬಂದು ಹೋಗಿತ್ತು, ಹೆದರಿಕೆ ಇರಲಿಲ್ಲ. ಒದ್ದೆ ಬಟ್ಟೆ ಹಿಂಡಿ ಹಿಂಡಿ ಕೈ ಮಾತ್ರ ಬಿದ್ದುಹೋಗಿತ್ತು. ಸಂಜೆ ಮೇಲ್ವಿಚಾರಕರ ಫೋನು ಬಂತು. ಬೇರೆ ಆಯಾ ಸಿಕ್ಕಿದ್ದಾಳಂತೆ, ಇವಳು ಆರಾಮಾಗಿ ಮನೆಯಲ್ಲಿರಬಹುದಂತೆ. ಆರಾಮು! ಮಗಳು ಗೋಡೆಗೊರಗಿ ಎಲ್ಲ ಕೇಳಿಸಿಕೊಂಡಳು.

"ನನ್ನ ಕೆಲಸ ಉಳಿಸೋಕೆ ಹೋಗಿ ನಿನ್ನದು ಹೋಯ್ತಲ್ಲಮ್ಮ."

"ಇಬ್ಬರದೂ ಉಳಿಸೋ ಧಣಿ ಇನ್ನೂ ಹುಟ್ಟಿಲ್ಲ," ಅಂದಳು ಅಜ್ಜಿ. "ಊಟ ಮಾಡು, ಬೆಳಿಗ್ಗೆ ಶಿಫ್ಟ್ ಇದೆ."

ಮಾರನೆಯ ದಿನ ಶಿಬಿರ ಬಿಟ್ಟ ಮೇಲೆ ಟೈಲರನ ಮಗಳು ಆ ಬೀದಿಯಲ್ಲಿ ಹಾದುಹೋಗುತ್ತಿದ್ದವಳು, ಕಿಟಕಿಯಲ್ಲಿ ಅಜ್ಜಿಯನ್ನು ಕಂಡು ಅಭ್ಯಾಸಬಲದಿಂದ ನಾಲಿಗೆ ಚಾಚಿದಳು. ಅಲ್ಲೇ ನಿಲ್ಲು, ಹತ್ತಿರ ಬರಬೇಡ ಅಂತ ಅಜ್ಜಿ ಕೈಸನ್ನೆ ಮಾಡಿದಳು. ಹುಡುಗಿ ಬಲಗಿವಿ ತಿರುಗಿಸಿದಳು.

"ಹೊಸ ಆಯಾ ನಾಲಿಗೆ ನೋಡ್ತಾಳೇನೇ?"

"ಇಲ್ಲ ಅಜ್ಜಿ. ಬರೀ ಹಣೆ."

ಅಜ್ಜಿ ಕಿಟಕಿಯ ಸರಳು ಹಿಡಿದು ಮುಂದಕ್ಕೆ ಬಾಗಿದಳು.

"ಅವಳು ಕೇಳದಿದ್ರೂ ನೀವೆಲ್ಲ ಚಾಚಿ," ಅಂದಳು ಜೋರಾಗಿ. "ಯಾಕೆ ಅಂತ ಅವಳು ಕೇಳ್ತಾಳಲ್ಲ, ಆಗ ಗುಲಾಬಿ ಔಷಧಿ ವಿಷಯ ಹೇಳು."

ಒಳಗೆ ಮಗು ನೀರು ಕೇಳಿತು. ಅವಳು ಲೋಟ ತೊಳೆಯಲು ಹೋದಳು.